ಸ್ಟೌಟ್ ಕೇಕ್: ಮೇಲೆ ಕರಕಲು, ಒಳಗೆ ಹಸಿ

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದಲ್ಲಿದ್ದೇವೆ. ಮಗ ಡಬ್ಲಿನ್‌ನಲ್ಲಿ ಓದಿ ಬಂದಿದ್ದಾನೆ. ಅಲ್ಲಿ ತಿಂದ, ಸ್ಟೌಟ್ ಅನ್ನುವ ಕಪ್ಪು ಬಿಯರ್ ಹಾಕಿದ ಚಾಕೊಲೇಟ್ ಕೇಕ್ ಮನೆಯಲ್ಲಿ ಮಾಡು ಅಂತ ಹಟ. ಓವನ್ ಇಲ್ಲ, ನಾಲ್ಕು ಲೀಟರಿನ ಏರ್ ಫ್ರೈಯರ್ ಇದೆ. ಓವನ್‌ಗೆ ಹೇಳಿದಂತೆಯೇ 180 ಡಿಗ್ರಿಯಲ್ಲಿ ಇಟ್ಟೆ. ಮೇಲೆ ಕರಕಲಾಗಿ ಬಿರುಕು ಬಿಟ್ಟಿತು, ಒಳಗೆ ಹಸಿ ಹಿಟ್ಟು, ಕೇಕ್ ಒಂದು ಕಡೆ ವಾಲಿಕೊಂಡಿತ್ತು. ಸ್ಟೌಟ್ ಸಿಗಲಿಲ್ಲ ಅಂತ ಮಾಮೂಲಿ ಸ್ಟ್ರಾಂಗ್ ಬಿಯರ್ ಹಾಕಿದ್ದೆ, ಬರೀ ಕಹಿ ಬಂತು. ಇನ್ನೊಂದು ಮಾತು. ನಮ್ಮ ಅತ್ತೆಯವರು ಮದ್ಯ, ಮೊಟ್ಟೆ ಎರಡನ್ನೂ ಮುಟ್ಟುವುದಿಲ್ಲ. ಬೇಯುವಾಗ ಮದ್ಯವೆಲ್ಲ ಹಾರಿಹೋಗುತ್ತದೆ ಅನ್ನುತ್ತಾರಲ್ಲ, ನಿಜವಾ? ಅವರಿಗೂ ಕೊಡಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕೇಕ್ ಕೆಟ್ಟರೆ ಇನ್ನೊಂದು ಮಾಡಬಹುದು, ಹಿರಿಯರ ನೇಮ ಹಾಗಲ್ಲ. ಇಲ್ಲ, ಮದ್ಯ ಪೂರ್ತಿ ಹೋಗುವುದಿಲ್ಲ.

ಮದ್ಯಸಾರ 78 ಡಿಗ್ರಿಗೇ ಕುದಿಯುತ್ತದೆ, ಕೇಕ್ ಅದಕ್ಕಿಂತ ಜಾಸ್ತಿ ಬಿಸಿಯಲ್ಲಿ ಬೇಯುತ್ತದೆ, ಇನ್ನು ಉಳಿಯುವುದೆಲ್ಲಿ ಅಂತ ಜನ ಲೆಕ್ಕ ಹಾಕುತ್ತಾರೆ. ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ಆದರೆ ನೀರಿನಲ್ಲಿ ಬೆರೆತ ಮದ್ಯ ಒಂದೇ ಏಟಿಗೆ ಬಿಟ್ಟು ಹೋಗುವುದಿಲ್ಲ. ನೀರಿನ ಜೊತೆ ಸ್ವಲ್ಪ ಸ್ವಲ್ಪವೇ ಆವಿಯಾಗುತ್ತದೆ. ಕೇಕಿನ ಒಳಗಡೆಯಂತೂ ಹಿಟ್ಟು ಗಟ್ಟಿಯಾಗಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಡುಗೆಯಲ್ಲಿ ಮದ್ಯ ಎಷ್ಟು ಉಳಿಯುತ್ತದೆ ಅಂತ ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯೊಂದಿದೆ. ಪದಾರ್ಥದೊಳಗೆ ಕಲಸಿ 15 ನಿಮಿಷ ಬೇಯಿಸಿದರೆ ಶೇ. 40 ಉಳಿಯುತ್ತದೆ. ಅರ್ಧ ಗಂಟೆಗೆ ಶೇ. 35, ಒಂದು ಗಂಟೆಗೆ ಶೇ. 25. ಎರಡೂವರೆ ಗಂಟೆ ಬೇಯಿಸಿದರೂ ಶೇ. 5 ಇದ್ದೇ ಇರುತ್ತದೆ.

ನಿಮ್ಮ ಕೇಕಿಗೆ ಇದನ್ನು ಹೊಂದಿಸಿ ನೋಡೋಣ. ಡಬ್ಲಿನ್‌ನ ಹೆಸರಾಂತ ಸ್ಟೌಟ್ ಗಿನ್ನೆಸ್. ಅದರಲ್ಲಿ ಮದ್ಯ ಸುಮಾರು ಶೇ. 4.2. ಸಣ್ಣ ಕೇಕಿಗೆ 120 ಮಿ.ಲೀ. ಹಾಕಿದರೆ ಅದರಲ್ಲಿ 5 ಮಿ.ಲೀ. ಮದ್ಯಸಾರ, ಅಂದರೆ ಒಂದು ಟೀ ಚಮಚ. ಬೆಂದ ಮೇಲೆ ಉಳಿಯುವುದು ಎರಡು ಮಿ.ಲೀ.ಗಿಂತ ಕಡಿಮೆ. ಎಂಟು ತುಂಡು ಮಾಡಿದರೆ ಒಂದೊಂದರಲ್ಲಿ ಕೆಲವು ಹನಿ. ಯಾರಿಗೂ ಅಮಲು ಬರುವ ಮಾತಲ್ಲ. ಆದರೆ ನಿಮ್ಮ ಅತ್ತೆಯವರು ಅಮಲಿಗೆ ಹೆದರಿ ಬಿಟ್ಟವರಲ್ಲ, ಅಲ್ವಾ? ನೇಮ ಅಂತ ಬಿಟ್ಟವರಿಗೆ ಹನಿಯೂ ಒಂದೇ, ಬಾಟಲಿಯೂ ಒಂದೇ. ‘ಏನೂ ಇಲ್ಲ ತಿನ್ನಿ ಅತ್ತೆ’ ಅಂತ ಹೇಳಿ ಕೊಡಬೇಡಿ. ಅವರೂ ತಿನ್ನಬಹುದಾದ ಕೇಕನ್ನೇ ಮಾಡೋಣ. ದಾರಿ ಇದೆ, ಅದೂ ನಿಮ್ಮ ಅಡುಗೆಮನೆಯ ಡಬ್ಬಿಗಳಲ್ಲೇ ಇದೆ.

ಅದಕ್ಕೆ ಮೊದಲು ಸ್ಟೌಟ್ ಕೇಕಿಗೆ ಏನು ಕೊಡುತ್ತದೆ ಅಂತ ನೋಡಬೇಕು. ಗುಳ್ಳೆ ಬರುತ್ತದಲ್ಲ, ಅದರಿಂದ ಕೇಕ್ ಉಬ್ಬುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಬೆಣ್ಣೆಯ ಜೊತೆ ಬಿಸಿ ಮಾಡುವಾಗಲೇ ಗುಳ್ಳೆ ಎಲ್ಲ ಹೋಗಿರುತ್ತದೆ. ಉಬ್ಬಿಸುವುದು ಅಡುಗೆ ಸೋಡಾ. ಮದ್ಯದಿಂದಲೂ ರುಚಿಗೆ ದೊಡ್ಡ ಉಪಕಾರವಿಲ್ಲ. ಸ್ಟೌಟಿನ ಬಂಡವಾಳ ಇರುವುದು ಕಾಳಿನಲ್ಲಿ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದ ಮಾಲ್ಟ್, ಅದರ ಜೊತೆಗೆ ಕಪ್ಪಗಾಗುವ ತನಕ ಹುರಿದ ಬಾರ್ಲಿ. ಆ ಹುರಿದ ಕಹಿ ಕಾಫಿಗೂ ಹತ್ತಿರ, ಕೋಕೋಗೂ ಹತ್ತಿರ. ಇದು ಸುಮ್ನೆ ಹೇಳುವ ಹೋಲಿಕೆಯಲ್ಲ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಮಾಲ್ಟನ್ನು ಕಪ್ಪಗೆ ಹುರಿಯುವುದಕ್ಕೆ ಪೇಟೆಂಟ್ ಪಡೆದದ್ದು ಕಾಫಿಬೀಜ ಹುರಿಯುವ ಪೀಪಾಯಿಯಂಥ ಯಂತ್ರಕ್ಕೇ. ಡಬ್ಲಿನ್‌ನಲ್ಲಿ ಆರ್ಥರ್ ಗಿನ್ನೆಸ್ ಭಟ್ಟಿ ಶುರು ಮಾಡಿದ್ದು 1759ರಲ್ಲಿ. ಇವತ್ತು ನಾವು ನೋಡುವ ಕಡುಕಪ್ಪು ಬಣ್ಣ, ಸುಟ್ಟಂಥ ರುಚಿ ಆಮೇಲೆ ಈ ಹುರಿದ ಕಾಳಿನಿಂದ ಬಂದದ್ದು.

ನಿಮ್ಮ ಕೇಕಿನಲ್ಲಿ ಬರೀ ಕಹಿ ಬಂದದ್ದು ಏಕೆ ಅನ್ನುವುದೂ ಇಲ್ಲೇ ತಿಳಿಯುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಸ್ಟ್ರಾಂಗ್ ಬಿಯರ್ ಲಾಗರ್ ಜಾತಿಯದು. ಅದರಲ್ಲಿ ಹುರಿದ ಕಾಳು ಇಲ್ಲ. ತಿಳಿ ಮಾಲ್ಟ್ ಇರುತ್ತದೆ, ಅದರ ಜೊತೆ ಅಕ್ಕಿ ಅಥವಾ ಮೆಕ್ಕೆಜೋಳ ಸೇರಿಸುವುದೂ ಉಂಟು. ಕಹಿ ಬರುವುದು ಹಾಪ್ಸ್ ಅನ್ನುವ ಬಳ್ಳಿಯ ಹೂವಿನಿಂದ. ಅದು ಸೊಪ್ಪಿನ ಥರದ ಕಹಿ. ಕುದಿಸಿದಷ್ಟೂ ನೀರು ಇಂಗಿ ಅದೇ ಮುಂದಾಗುತ್ತದೆ. ಕೋಕೋ ಜೊತೆ ಅದಕ್ಕೆ ಕೂಡಿ ಬರುವುದಿಲ್ಲ. ಸ್ಟೌಟ್ ಸಿಗದಿದ್ದರೆ ದಯವಿಟ್ಟು ಲಾಗರ್ ಹಾಕಬೇಡಿ, ಅದರ ಬದಲು ಬಿಸಿನೀರು ಹಾಕಿದರೂ ವಾಸಿ. ಬೆಂಗಳೂರಿನ ಕೆಲವು ಮೈಕ್ರೋಬ್ರೂವರಿಗಳಲ್ಲಿ ಸ್ಟೌಟ್ ಮಾಡುತ್ತಾರೆ. ಮಗ ಅಲ್ಲಿಂದ ತರುತ್ತಾನೋ, ಹೊರದೇಶದ ಕ್ಯಾನ್ ತರುತ್ತಾನೋ ಅವನಿಗೇ ಬಿಡಿ. ಗಿನ್ನೆಸ್ ಕ್ಯಾನ್ ಖಾಲಿ ಮಾಡಿದ ಮೇಲೂ ಒಳಗೆ ಏನೋ ಗಡಗಡ ಅನ್ನುತ್ತದೆ. ಕಸ ಬಿದ್ದಿದೆ ಅಂದುಕೊಳ್ಳಬೇಡಿ. ನೊರೆ ಬರಿಸುವುದಕ್ಕೆ ಅವರೇ ಹಾಕಿರುವ ಪ್ಲಾಸ್ಟಿಕ್ ಗುಂಡು ಅದು.

ಈಗ ಅತ್ತೆಯವರ ಕೇಕಿನ ರಸ. ಬಾರ್ಲಿ ನಿಮ್ಮ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಉರಿಮೂತ್ರಕ್ಕೆ ಗಂಜಿ ಮಾಡಿ ಕುಡಿಸುತ್ತಾರಲ್ಲ, ಅದೇ ಬಿಳಿ ಬಾರ್ಲಿ. 50 ಗ್ರಾಂ ಸಾಕು. ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೊದಲು ಹಳದಿ ತಿರುಗುತ್ತದೆ, ಪಟಪಟ ಅನ್ನುತ್ತದೆ, ಆಮೇಲೆ ಗೋಧಿಬಣ್ಣ, ಕೊನೆಗೆ ಕಾಫಿಬೀಜದ ಬಣ್ಣ. ಅವಸರ ಮಾಡಿದರೆ ಹೊರಗೆ ಕಪ್ಪು, ಒಳಗೆ ಬಿಳಿ ಉಳಿಯುತ್ತದೆ. ಒಂದು ಕಾಳು ಕಚ್ಚಿ ನೋಡಿ. ಒಳಗೂ ಕಂದು ಬಂದಿರಬೇಕು. ಬಂದ ತಕ್ಷಣ ಸ್ಟೀಲ್ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದ ಮೇಲೂ ಹುರಿಯುತ್ತಲೇ ಇರುತ್ತದೆ, ಇದ್ದಿಲಿನ ವಾಸನೆ ಬರುತ್ತದೆ. ಆರಿದ ಮೇಲೆ ಮಿಕ್ಸಿಯಲ್ಲಿ ಒಂದು ಸುತ್ತು ಹಾಕಿ ತರಿತರಿ ಮಾಡಿ, 300 ಮಿ.ಲೀ. ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಬಟ್ಟೆಯಲ್ಲಿ ಸೋಸಿ. ಜಪಾನ್, ಕೊರಿಯಾದವರು ಹುರಿದ ಬಾರ್ಲಿಯ ಇಂಥದ್ದೇ ಕಷಾಯವನ್ನು ಟೀ ಥರ ದಿನಾ ಕುಡಿಯುತ್ತಾರೆ. ಮಿಕ್ಕಿದ್ದನ್ನು ನೀವೂ ಕುಡಿಯಿರಿ.

ಈ ಕಷಾಯ 90 ಮಿ.ಲೀ., ಅದಕ್ಕೆ ಗಟ್ಟಿ ಕಾಫಿ ಡಿಕಾಕ್ಷನ್ 30 ಮಿ.ಲೀ. ಚಿಕೋರಿ ಬೆರೆತ ಪುಡಿಯಾದರೆ ಇನ್ನೂ ಒಳ್ಳೆಯದು, ಅದೂ ಹುರಿದ ಬೇರೇ. ನಿಮ್ಮದು ಟೀ ಕುಡಿಯುವ ಮನೆಯಾಗಿದ್ದು ಡಿಕಾಕ್ಷನ್ ಹಾಕುವ ರೂಢಿ ಇಲ್ಲದಿದ್ದರೆ ಒಂದೂವರೆ ಚಮಚ ಇನ್‌ಸ್ಟಂಟ್ ಕಾಫಿಪುಡಿಯನ್ನು ಅಷ್ಟೇ ಬಿಸಿನೀರಿಗೆ ಕದಡಿ. ಇದರ ಮೇಲೆ ಒಂದು ದೊಡ್ಡ ಚಮಚ ಜೋನಿ ಬೆಲ್ಲ. ಶಿವಮೊಗ್ಗ ಕಡೆಯಿಂದ ಬರುವವರಿದ್ದರೆ ತರಿಸಿಕೊಳ್ಳಿ. ಇಲ್ಲವಾದರೆ ಕಪ್ಪು ಬೆಲ್ಲ ಕರಗಿಸಿ ಸೋಸಿಕೊಳ್ಳಿ. ಇನ್ನು ಮಾಲ್ಟಿನ ಸಿಹಿವಾಸನೆ ಬಾಕಿ. ಅದು ನಮ್ಮ ಊರಿನವರಿಗೆ ಹೊಸದಲ್ಲ. ಮಗುವಿಗೆ ಗಂಜಿ ಮಾಡುವುದಕ್ಕೆ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಬೀಸುತ್ತೇವಲ್ಲ, ಬಿಯರ್ ಭಟ್ಟಿಯವರು ಬಾರ್ಲಿಗೆ ಮಾಡುವ ಕೆಲಸವೂ ಅದೇ. ಮೊಳಕೆ ರಾಗಿ ಹಿಟ್ಟು ಎರಡು ದೊಡ್ಡ ಚಮಚ ತೆಗೆದುಕೊಂಡು ಘಮ ಬರುವಷ್ಟು ಹುರಿದು, ಅಷ್ಟೇ ಮೈದಾ ಕಡಿಮೆ ಮಾಡಿ ಸೇರಿಸಿ. ಅಂಗಡಿಯ ರಾಗಿ ಮಾಲ್ಟ್ ಡಬ್ಬಿಯಲ್ಲಿ ಸಕ್ಕರೆ, ಹಾಲಿನ ಪುಡಿ, ಏಲಕ್ಕಿ ಬೆರೆತಿರುತ್ತದೆ, ಅದು ಇದಕ್ಕೆ ಬೇಡ.

ಇದು ಸ್ಟೌಟಿನ ನಕಲು ಅಂತ ನಾನು ಹೇಳುವುದಿಲ್ಲ. ಮಗ ಒಂದು ತುತ್ತಿಗೇ ಕಂಡುಹಿಡಿಯುತ್ತಾನೆ. ಆದರೆ ನನ್ನನ್ನು ಕೇಳಿದರೆ ಲಾಗರ್ ಹಾಕಿದ ಕೇಕಿಗಿಂತ ಇದು ಸ್ಟೌಟ್ ಕೇಕಿಗೆ ಎಷ್ಟೋ ಹತ್ತಿರ.

ಇನ್ನು ಏರ್ ಫ್ರೈಯರ್ ವಿಷಯ. ನಿಮ್ಮ ಕೇಕ್ ಕರಕಲಾಗಿ ವಾಲಿದ್ದು ಬಿಯರಿನಿಂದಲ್ಲ, ಗಾಳಿಯಿಂದ. ಹೆಸರಿನಲ್ಲಿ ಫ್ರೈಯರ್ ಇದ್ದರೂ ಅದು ಒಂದು ಪುಟ್ಟ ಓವನ್. ಮೇಲುಗಡೆ ಕಾಯಿಲ್, ಅದರ ಮೇಲೆ ಫ್ಯಾನ್. ಬಿಸಿಗಾಳಿ ಕೆಳಕ್ಕೆ ರಭಸದಿಂದ ಬೀಸುತ್ತದೆ. ಬರೀ ಬಿಸಿಲಿಗೆ ಸಂಡಿಗೆ ಒಣಗುವುದಕ್ಕೂ ಬಿಸಿಲಿನ ಜೊತೆ ಗಾಳಿ ಬೀಸುವಾಗ ಒಣಗುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತು. ಇಲ್ಲಿ ಆಗುವುದೂ ಅದೇ. ಅದೇ 180 ಡಿಗ್ರಿ, ಗಾಳಿ ಬೀಸುವಾಗ ಹಿಟ್ಟಿನ ಮೇಲ್ಮೈಗೆ ಎಷ್ಟೋ ಜಾಸ್ತಿ ತಾಗುತ್ತದೆ. ಪಕೋಡಾಕ್ಕೆ, ಆಲೂಗಡ್ಡೆ ತುಂಡಿಗೆ ಇದು ವರ. ಕೇಕಿಗೆ ಅಲ್ಲ. ಮೇಲಿನ ಪದರ ಮೊದಲೇ ಒಣಗಿ ಗಟ್ಟಿ ಮುಚ್ಚಳವಾಗುತ್ತದೆ. ಒಳಗಿನ ಹಿಟ್ಟು ನಿಧಾನವಾಗಿ ಬಿಸಿಯಾಗಿ, ಸೋಡಾ ಕೆಲಸ ಶುರು ಮಾಡಿ, ಮೇಲೇಳಬೇಕು ಅನ್ನುವಾಗ ಜಾಗ ಇರುವುದಿಲ್ಲ. ಮುಚ್ಚಳ ಒಡೆದುಕೊಂಡು ಬರುತ್ತದೆ. ನೀವು ನೋಡಿದ ಬಿರುಕು ಅದೇ. ಸ್ಟೌಟ್ ಕೇಕಿನ ಹಿಟ್ಟು ದೋಸೆ ಹಿಟ್ಟಿಗಿಂತ ತೆಳ್ಳಗಿರುತ್ತದೆ, ಹಾಗಾಗಿ ಗಾಳಿ ಅದನ್ನು ಒಂದು ಕಡೆಗೆ ತಳ್ಳುತ್ತದೆ. ವಾಲಿದ್ದು ಅದಕ್ಕೆ. ಬುಟ್ಟಿಯ ಜಾಲರಿ ತಟ್ಟೆ ಸರಿಯಾಗಿ ಕೂತಿದೆಯಾ ಅಂತಲೂ ಒಮ್ಮೆ ಒತ್ತಿ ನೋಡಿ.

ಪರಿಹಾರ ಎರಡೇ: ಬಿಸಿ ಇಳಿಸಿ, ಗಾಳಿ ತಡೆಯಿರಿ. ಓವನ್‌ಗೆ 180 ಅಂತ ಹೇಳಿದ್ದರೆ ಇಲ್ಲಿ 150 ಇಡಿ. ಟಿನ್ನಿನ ಬಾಯಿಗೆ ಅಲ್ಯೂಮಿನಿಯಂ ಫಾಯಿಲ್ ಕಟ್ಟಿ. ನಡುವೆ ಸ್ವಲ್ಪ ಉಬ್ಬಿಸಿ ಕಟ್ಟಿ, ಕೇಕ್ ಮೇಲೆದ್ದಾಗ ಅಂಟಬಾರದು. ಅಂಚನ್ನು ಟಿನ್ನಿನ ಕಂಠದ ಕೆಳಗೆ ಬಿಗಿಯಾಗಿ ಮಡಚಿ. ಈ ಮಾತನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಫಾಯಿಲ್ ಸಡಿಲವಾಗಿದ್ದರೆ ಫ್ಯಾನಿನ ಗಾಳಿಗೆ ಎದ್ದು ಕಾಯಿಲ್‌ಗೆ ತಾಗುತ್ತದೆ. ಬಟರ್ ಪೇಪರ್ ಆದರೆ ಹೊತ್ತಿಕೊಳ್ಳಲೂಬಹುದು. ಟಿನ್ನಿನ ತಳಕ್ಕೆ ಹಾಕುವ ಪೇಪರನ್ನೂ ಅಂಚಿನಿಂದ ಮೇಲೆ ಬಾರದ ಹಾಗೆ ಕತ್ತರಿಸಿ. ಫ್ರೈಯರನ್ನು ಖಾಲಿ ಬಿಸಿ ಮಾಡುವಾಗ ಒಳಗೆ ಪೇಪರ್ ಇಡಲೇಬೇಡಿ.

ಟಿನ್ ಆರು ಇಂಚಿನದು, ಮೂರು ಇಂಚು ಎತ್ತರದ್ದು ತೆಗೆದುಕೊಳ್ಳಿ. ನಾಲ್ಕು ಲೀಟರ್ ಬುಟ್ಟಿಯಲ್ಲಿ ಏಳು ಇಂಚಿನದೂ ಹಿಡಿಯಬಹುದು, ಆದರೆ ಸುತ್ತ ಗಾಳಿ ಓಡಾಡಲು ಜಾಗ ಇರಬೇಕು. ಬೆರಳು ಆಡುವಷ್ಟು ಸಂದು ಇಲ್ಲದಿದ್ದರೆ ತಳ ಬೇಯುವುದಿಲ್ಲ. ಮೇಲೆ ಕಾಯಿಲ್‌ಗೂ ಫಾಯಿಲಿಗೂ ನಡುವೆ ಎರಡು ಬೆರಳಾದರೂ ಅಂತರ ಇರಲಿ. ಹಿಟ್ಟು ಟಿನ್ನಿನ ಅರ್ಧಕ್ಕಿಂತ ಮೇಲೆ ಬೇಡ. ಬಿಳಿ ಬಣ್ಣದ ಅಲ್ಯೂಮಿನಿಯಂ ಟಿನ್ ಒಳ್ಳೆಯದು. ಕಪ್ಪು ನಾನ್‌ಸ್ಟಿಕ್ ಟಿನ್ ಬಿಸಿಯನ್ನು ಬೇಗ ಹೀರಿ ಅಂಚನ್ನು ಕರಕಲು ಮಾಡುತ್ತದೆ.

ಅಳತೆ ಹೇಳುತ್ತೇನೆ, ತಕ್ಕಡಿ ಇದ್ದರೆ ತೂಕದಲ್ಲೇ ಹಾಕಿ. ಮೈದಾ 125 ಗ್ರಾಂ, ಕೋಕೋ 35 ಗ್ರಾಂ, ಸಕ್ಕರೆ 150 ಗ್ರಾಂ, ಬೆಣ್ಣೆ 90 ಗ್ರಾಂ, ಸ್ಟೌಟ್ ಅಥವಾ ಮೇಲೆ ಹೇಳಿದ ರಸ 120 ಮಿ.ಲೀ., ಗಟ್ಟಿ ಮೊಸರು 60 ಗ್ರಾಂ, ಮೊಟ್ಟೆ ಒಂದು, ಅಡುಗೆ ಸೋಡಾ ಅರ್ಧ ಟೀ ಚಮಚ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಉಪ್ಪು ಒಂದು ಚಿಟಿಕೆಗಿಂತ ಸ್ವಲ್ಪ ಜಾಸ್ತಿ. ಮೊಟ್ಟೆ ಬೇಡದಿದ್ದರೆ ಮೊಸರನ್ನು 100 ಗ್ರಾಂ ಮಾಡಿ, ಅರ್ಧ ಚಮಚ ವಿನಿಗರ್ ಸೇರಿಸಿ. ಅಷ್ಟೇ. ಮೊಟ್ಟೆಯಿಲ್ಲದ್ದು ಬಿಸಿಯಲ್ಲಿ ಪುಡಿಪುಡಿಯಾಗುತ್ತದೆ, ಪೂರ್ತಿ ತಣಿದ ಮೇಲೆ ಕತ್ತರಿಸಿ. ಸ್ಟೌಟ್ ಅಳೆಯುವಾಗ ನೊರೆ ಇಳಿಯಲಿ. ನೊರೆಯನ್ನೂ ಸೇರಿಸಿ 120 ಅಂದುಕೊಂಡರೆ ಲೋಟದಲ್ಲಿ ಇರುವುದು 90 ಆಗಿರುತ್ತದೆ.

ಬೆಣ್ಣೆ ವಿಷಯದಲ್ಲಿ ದಾವಣಗೆರೆಯವರು ಪುಣ್ಯವಂತರು. ದೋಸೆಯ ಮೇಲೆ ಉಂಡೆಯಾಗಿ ಕೂರುವ ಬಿಳಿ ಬೆಣ್ಣೆ ಈ ಕೇಕಿಗೆ ಬಹಳ ಹೊಂದುತ್ತದೆ. ಬೇರೆ ಕೇಕುಗಳಲ್ಲಿ ಬೆಣ್ಣೆ, ಸಕ್ಕರೆಯನ್ನು ತಿಕ್ಕಿ ತಿಕ್ಕಿ ನೊರೆ ಬರಿಸಬೇಕು. ಮನೆಬೆಣ್ಣೆಯಲ್ಲಿ ನೀರಿನಂಶ ಜಾಸ್ತಿ ಇರುವುದರಿಂದ ಅಲ್ಲಿ ಅದು ಒಡೆದು ಕೈಕೊಡುತ್ತದೆ. ಇಲ್ಲಿ ಆ ತೊಂದರೆಯೇ ಇಲ್ಲ. ಬೆಣ್ಣೆಯನ್ನು ರಸದಲ್ಲಿ ಕರಗಿಸುವುದೇ ಈ ಕೇಕಿನ ಕ್ರಮ. ಅಂಗಡಿಯ ಪ್ಯಾಕೆಟ್ ಬೆಣ್ಣೆಯಲ್ಲಿ ಶೇ. 80ರಷ್ಟು ಜಿಡ್ಡು ಇರಲೇಬೇಕು ಅಂತ ನಿಯಮವಿದೆ, ಮನೆಯದಕ್ಕೆ ಅಂಥ ಲೆಕ್ಕವಿಲ್ಲ. ಹಾಗಾಗಿ ಬಿಳಿ ಬೆಣ್ಣೆಯನ್ನು ತಣ್ಣೀರಿನಲ್ಲಿ ತೊಳೆದು, ಅಂಗೈಯಲ್ಲಿ ಒತ್ತಿ ನೀರು ಹಿಂಡಿ, 90ರ ಬದಲು 100 ಗ್ರಾಂ ಹಾಕಿ. ರಸವನ್ನು ಎರಡು ಟೀ ಚಮಚ ಕಡಿಮೆ ಮಾಡಿ. ಬೆಣ್ಣೆ ಆ ದಿನದ್ದೋ ಹಿಂದಿನ ದಿನದ್ದೋ ಇರಲಿ. ಹುಳಿ ವಾಸನೆ ಬಂದ ಬೆಣ್ಣೆ ಕೋಕೋ ಜೊತೆ ಇನ್ನಷ್ಟು ಎದ್ದು ಕಾಣುತ್ತದೆ. ಪ್ಯಾಕೆಟ್ಟಿನ ಹಳದಿ ಉಪ್ಪು ಬೆಣ್ಣೆ ಹಾಕುವುದಾದರೆ ಬೇರೆ ಉಪ್ಪು ಬೇಡ.

ಕೋಕೋ ಕೊಳ್ಳುವಾಗ ಡಬ್ಬಿ ತಿರುಗಿಸಿ ಓದಿ. ಡ್ರಿಂಕಿಂಗ್ ಚಾಕೊಲೇಟ್ ಪುಡಿ ಬೇಡ, ಅದರಲ್ಲಿ ಮುಕ್ಕಾಲು ಪಾಲು ಸಕ್ಕರೆಯೇ ಇರುತ್ತದೆ ಅಂದರೂ ನಡೆಯುತ್ತದೆ. ಬರೀ ಕೋಕೋದಲ್ಲೂ ಎರಡು ಬಗೆ. ಸಹಜ ಕೋಕೋ ತಿಳಿ ಕಂದು, ಹುಳಿ ಗುಣದ್ದು. ಕ್ಷಾರ ಹಾಕಿ ಸಂಸ್ಕರಿಸಿದ್ದು ಕಡುಕಂದು, ಅದರ ಹುಳಿ ಹೋಗಿರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಅಸಿಡಿಟಿ ರೆಗ್ಯುಲೇಟರ್ ಅಂತ ಬರೆದು 500 ಅಥವಾ 501 ಅನ್ನುವ ಸಂಖ್ಯೆ ಇದ್ದರೆ ಅದು ಎರಡನೆಯ ಬಗೆ. ಈ ವ್ಯತ್ಯಾಸ ಮುಖ್ಯ. ಸೋಡಾ ಕೆಲಸ ಮಾಡುವುದಕ್ಕೆ ಹುಳಿ ಬೇಕು. ಸ್ಟೌಟ್ ತಾನೇ ಸಾಕಷ್ಟು ಹುಳಿ, ಮೊಸರೂ ಇದೆ. ಆದರೆ ಬಾರ್ಲಿ ಕಷಾಯದಲ್ಲಿ ಆ ಹುಳಿ ಇಲ್ಲ. ಕಷಾಯವನ್ನೂ ಸಂಸ್ಕರಿಸಿದ ಕೋಕೋವನ್ನೂ ಒಟ್ಟಿಗೆ ಹಾಕಿದರೆ ಸೋಡಾ ಮಿಕ್ಕುತ್ತದೆ, ಕೇಕ್ ಸೋಪಿನ ರುಚಿ ಹೊಡೆಯುತ್ತದೆ. ಅಂಥ ಹೊತ್ತಿನಲ್ಲಿ ಸೋಡಾ ಕಾಲು ಚಮಚಕ್ಕೆ ಇಳಿಸಿ, ಬೇಕಿಂಗ್ ಪೌಡರ್ ಒಂದು ಚಮಚಕ್ಕೆ ಏರಿಸಿ. ಹುಳಿ ಮೊಸರಿದ್ದರೆ ಅದನ್ನೇ ಬಳಸಿ.

ಮಾಡುವ ಕ್ರಮ ಸುಲಭ. ಬೆಣ್ಣೆ, ರಸ ಎರಡನ್ನೂ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿಡಿ. ಬೆಣ್ಣೆ ಕರಗಿ ಅಂಚಿನಲ್ಲಿ ಸಣ್ಣ ಗುಳ್ಳೆ ಬಂದರೆ ಸಾಕು, ಕೊತಕೊತ ಕುದಿಸಬೇಡಿ. ಇಳಿಸಿ, ಬಿಸಿ ಇರುವಾಗಲೇ ಕೋಕೋ, ಸಕ್ಕರೆ ಹಾಕಿ ಕದಡಿ. ಕೋಕೋದ ಘಮ ಅರಳುವುದು ಬಿಸಿಗೇ. ಆಗ ಬರುವ ವಾಸನೆಯಲ್ಲೇ ನಿಮಗೆ ಗೊತ್ತಾಗುತ್ತದೆ. ಈಗ ಕಾಯಬೇಕು. ಬೆರಳು ಅದ್ದಿದರೆ ಉಗುರುಬೆಚ್ಚಗೆ ಅನ್ನಿಸಬೇಕು. ಅದಕ್ಕೆ ಮೊದಲು ಮೊಸರು ಹಾಕಿದರೆ ಒಡೆಯುತ್ತದೆ, ಮೊಟ್ಟೆ ಹಾಕಿದರೆ ಬೆಂದು ಎಳೆಎಳೆಯಾಗುತ್ತದೆ. ಆಮೇಲೆ ಮೊಸರು, ಮೊಟ್ಟೆ. ಮೈದಾ, ಸೋಡಾ, ಬೇಕಿಂಗ್ ಪೌಡರ್, ಉಪ್ಪು ಜರಡಿ ಹಿಡಿದು ಕೊನೆಗೆ ಸೇರಿಸಿ. ಬಿಳಿ ಕಾಣದಷ್ಟು ಕಲಸಿದರೆ ಮುಗಿಯಿತು. ಜಾಸ್ತಿ ಬೀಸಿದರೆ ಮೈದಾ ನಾರುನಾರಾಗುತ್ತದೆ. ಹಿಟ್ಟು ತೆಳ್ಳಗಿದೆ ಅಂತ ಗಾಬರಿಯಾಗಿ ಮತ್ತೆ ಮೈದಾ ಸುರಿಯಬೇಡಿ. ಇರಬೇಕಾದದ್ದೇ ಹಾಗೆ.

ಸೋಡಾ ಬಿದ್ದ ಕ್ಷಣದಿಂದ ಗುಳ್ಳೆ ಏಳುವುದು ಶುರು. ಆದ್ದರಿಂದ ಹಿಟ್ಟು ಕಲಸುವ ಮೊದಲೇ ಟಿನ್ನಿಗೆ ಬೆಣ್ಣೆ ಸವರಿ, ಫಾಯಿಲ್ ಕತ್ತರಿಸಿಟ್ಟು, ಫ್ರೈಯರನ್ನು 150ಕ್ಕೆ ಇಟ್ಟು ಐದು ನಿಮಿಷ ಬಿಸಿ ಮಾಡಿಕೊಳ್ಳಿ. ಫಾಯಿಲ್ ಮುಚ್ಚಿದ ಟಿನ್ ಒಳಗೆ ಹೋಗಲಿ. ಮೊದಲ 25 ನಿಮಿಷ ಬುಟ್ಟಿ ಎಳೆದು ನೋಡುವ ಆಸೆ ಅದುಮಿಕೊಳ್ಳಿ. ಎಳೆದರೆ ಬಿಸಿಗಾಳಿ ಎಲ್ಲ ಒಮ್ಮೆಗೇ ಹೊರಗೆ ಬರುತ್ತದೆ, ನಡುಭಾಗ ಕುಸಿಯುತ್ತದೆ. 30 ನಿಮಿಷ ಆದ ಮೇಲೆ ಫಾಯಿಲ್ ತೆಗೆದು, ಟಿನ್ನನ್ನು ಅರ್ಧ ಸುತ್ತು ತಿರುಗಿಸಿ, ಮತ್ತೆ 10ರಿಂದ 15 ನಿಮಿಷ. ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಅಂಟಬಾರದು. ಒಂದೆರಡು ಒದ್ದೆ ತುಣುಕು ಅಂಟಿದರೆ ಒಳ್ಳೆಯದೇ, ಈ ಕೇಕ್ ಒದ್ದೆಯಾಗಿಯೇ ಚೆನ್ನ. ಅಂಚು ಟಿನ್ನಿನಿಂದ ಕೂದಲೆಳೆಯಷ್ಟು ಬಿಟ್ಟುಕೊಂಡಿರುತ್ತದೆ. ಮೇಲೆ ಬಣ್ಣ ಜಾಸ್ತಿ ಬರುತ್ತಿದ್ದು ಒಳಗೆ ಇನ್ನೂ ಹಸಿ ಅನ್ನಿಸಿದರೆ ಫಾಯಿಲ್ ಮತ್ತೆ ಮುಚ್ಚಿ, 140ಕ್ಕೆ ಇಳಿಸಿ. ಡಿಸ್‌ಪ್ಲೇಯಲ್ಲಿ 150 ಅಂತ ತೋರಿಸಿದರೂ ಒಳಗೆ ಅಷ್ಟೇ ಇರುತ್ತದೆ ಅಂತ ಇಲ್ಲ. ಒಂದು ಸಣ್ಣ ಓವನ್ ಥರ್ಮಾಮೀಟರ್ ಕೊಂಡು ಬುಟ್ಟಿಯಲ್ಲಿಟ್ಟರೆ ನಿಮ್ಮ ಯಂತ್ರದ ಸುಳ್ಳು ಎಷ್ಟು ಅಂತ ತಿಳಿಯುತ್ತದೆ.

ಎತ್ತರದ ಊರುಗಳಲ್ಲಿ ಕೇಕ್ ಅಳತೆ ಬದಲಿಸಬೇಕು ಅಂತ ಎಲ್ಲಾದರೂ ಓದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಚಿತ್ರದುರ್ಗ 700ರ ಮೇಲೆ ಸ್ವಲ್ಪ. ಅಷ್ಟಕ್ಕೆಲ್ಲ ಬದಲಾವಣೆ ಬೇಕಿಲ್ಲ.

ಮೇಲೆ ಬಿಳಿ ಕ್ರೀಮ್ ಹಾಕುತ್ತಾರೆ, ಸ್ಟೌಟ್ ಲೋಟದ ನೊರೆ ಕಾಣಲಿ ಅಂತ. ಅವರದು ಕ್ರೀಮ್ ಚೀಸ್. ನೀವು ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಫ್ರಿಜ್‌ನಲ್ಲಿ ರಾತ್ರಿಯಿಡೀ ನೇತುಹಾಕಿ. ಇಳಿದ ಗಟ್ಟಿ ಮೊಸರು 150 ಗ್ರಾಂ, ಮೆತ್ತಗಿನ ಬಿಳಿ ಬೆಣ್ಣೆ 50 ಗ್ರಾಂ, ಪುಡಿ ಸಕ್ಕರೆ 50 ಗ್ರಾಂ ಸೇರಿಸಿ ಕಡೆಯಿರಿ. ಕೇಕ್ ಪೂರ್ತಿ ತಣ್ಣಗಾಗಿರಬೇಕು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಇದು ಮೇಜಿನ ಮೇಲೆ ನಿಲ್ಲುವುದಿಲ್ಲ, ಜಾರಿ ತಟ್ಟೆಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಕ್ರೀಮ್ ಬೇರೆ ಬಟ್ಟಲಲ್ಲಿ ಇಟ್ಟು ತಿನ್ನುವಾಗ ಹಾಕಿಕೊಳ್ಳಿ. ಕೇಕ್ ಮಾಡಿದ ದಿನಕ್ಕಿಂತ ಮರುದಿನ ರುಚಿ ಜಾಸ್ತಿ. ಹುರಿದ ಕಹಿ ಒಂದು ರಾತ್ರಿ ಕಳೆದರೆ ಕೋಕೋ ಜೊತೆ ಬೆರೆಯುತ್ತದೆ. ಮೊದಲ ದಿನ ಸ್ವಲ್ಪ ಒಗರು ಅನ್ನಿಸಿದರೆ ಬೇಸರ ಮಾಡಿಕೊಳ್ಳಬೇಡಿ.

ಎರಡು ಕೇಕ್ ಬೇಕಾಗುತ್ತದಾ? ಮಗನಿಗೆ ಸ್ಟೌಟಿನದು, ಅತ್ತೆಯವರಿಗೆ ಬಾರ್ಲಿಯದು ಅಂತ ಮಾಡುವುದಾದರೆ ಬಾರ್ಲಿಯದನ್ನು ಮೊದಲು ಬೇಯಿಸಿ. ಪಾತ್ರೆ, ಚಮಚ, ಟಿನ್ ಒಂದೇ ಆದರೆ ನೇಮದವರಿಗೆ ಅದೂ ಒಂದು ಮಾತಾಗುತ್ತದೆ. ಎರಡೂ ನೋಡಲು ಒಂದೇ ಥರ ಇರುತ್ತವೆ, ಗುರುತು ಹಾಕಿಡಿ. ನನ್ನ ಸಲಹೆ ಕೇಳಿದರೆ ಮನೆಮಂದಿಗೆಲ್ಲ ಬಾರ್ಲಿಯದೊಂದೇ ಸಾಕು. ಮಗನಿಗೆ ಸ್ಟೌಟ್ ಕೇಕ್ ಬೇಕೇ ಬೇಕು ಅಂದರೆ ಅವನೇ ಸ್ಟೌಟ್ ತಂದು ಅವನೇ ಕಲಸಲಿ.

ಕೊನೆಯದಾಗಿ ಕರೆಂಟ್. ಈ ಯಂತ್ರಗಳು ಸಾಮಾನ್ಯವಾಗಿ 1400, 1500 ವ್ಯಾಟ್‌ನವು. ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರ್ ಪ್ಲಗ್‌ಗೆ ಅದು ಭಾರ. ಗೀಸರ್, ಫ್ರಿಜ್ ಹಾಕುವ 16 ಆಂಪಿಯರ್ ಪಾಯಿಂಟೇ ಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಮನೆಯ ಇನ್ವರ್ಟರ್ ಇದನ್ನು ಎಳೆಯುವುದಿಲ್ಲ. ಸಂಜೆ ಹೊತ್ತು ವೋಲ್ಟೇಜ್ ಇಳಿಯುವ ಬೀದಿಯಾದರೆ ಬೆಳಿಗ್ಗೆಯೇ ಬೇಯಿಸಿ. 230 ಇರಬೇಕಾದದ್ದು 200ಕ್ಕೆ ಬಂದರೆ ಕಾಯಿಲ್ ಕೊಡುವ ಬಿಸಿ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ಒಳಗೆ ಹಸಿ ಉಳಿಯಲು ಅದೂ ಒಂದು ಕಾರಣ ಆಗಿರಬಹುದು.

ಬೇಯುವ ನಡುವೆ ಬೆಸ್ಕಾಂನವರು ಕರೆಂಟ್ ತೆಗೆದರೆ ಬುಟ್ಟಿ ತೆರೆಯದೆ ಸುಮ್ನೆ ಬಿಡಿ. ಐದ್ಹತ್ತು ನಿಮಿಷದಲ್ಲಿ ಬಂದರೆ ಮುಂದುವರಿಸಿ, ಕಳೆದಷ್ಟು ಹೊತ್ತನ್ನು ಸೇರಿಸಿಕೊಳ್ಳಿ. ಬರುವ ಲಕ್ಷಣ ಇಲ್ಲದಿದ್ದರೆ ದೊಡ್ಡ ಕುಕ್ಕರ್ ತೆಗೆದುಕೊಂಡು ತಳಕ್ಕೆ ಒಂದು ಲೋಟ ಕಲ್ಲುಪ್ಪು ಹರಡಿ. ಸ್ಟ್ಯಾಂಡ್ ಇಟ್ಟು, ನೀರು ಹಾಕದೆ, ಗ್ಯಾಸ್ಕೆಟ್, ಸೀಟಿ ಎರಡನ್ನೂ ತೆಗೆದು ಮುಚ್ಚಿ, ಹತ್ತು ನಿಮಿಷ ಕಾಯಿಸಿ. ಫಾಯಿಲ್ ಸಮೇತ ಟಿನ್ನನ್ನು ಅದರೊಳಗೆ ಇಳಿಸಿ ಸಣ್ಣ ಉರಿಯಲ್ಲಿ ಕಡ್ಡಿ ಪರೀಕ್ಷೆ ಆಗುವ ತನಕ ಬಿಡಿ. ಮೊದಲ ಕಾಲು ಗಂಟೆಯೊಳಗೆ ಕರೆಂಟ್ ಹೋಗಿದ್ದರೆ ಕೇಕ್ ಚೆನ್ನಾಗಿಯೇ ಬರುತ್ತದೆ. ಅದಕ್ಕಿಂತ ತಡವಾಗಿ ಹೋಗಿದ್ದರೆ ನಡುವೆ ಸ್ವಲ್ಪ ತಗ್ಗು ಬೀಳಬಹುದು. ಮೊಸರಿನ ಕ್ರೀಮ್ ಅಲ್ಲಿಗೆ ತುಂಬಿ.